ಬದುಕಿರುವವರನ್ನು ನೆನೆಯಿರಿ

ಕಣ್ಣು ಮುಚ್ಚಿ ಕುಳಿತಿದ್ದ ನಮ್ಮ ನಡುವೆ ಯಾರೋ ಬಿಕ್ಕಿದರು. ಕಣ್ಣು ತೆರೆದರೆ, ಪಕ್ಕದ ಚಾಪೆಯ ಹೆಂಗಸು ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದರು. ಕೃಷ್ಣಮೂರ್ತಿಪುರಂನ ಮನೆಯೊಂದರ ಮಹಡಿಯಲ್ಲಿ ಭಾನುವಾರ ನಡೆಯುವ ಬೌದ್ಧ ಧ್ಯಾನದ ತರಗತಿ ಅದು. ಅಂದು ಮೈತ್ರಿ ಧ್ಯಾನ. ಪ್ರೀತಿಪಾತ್ರರೊಬ್ಬರನ್ನು ನೆನೆದು ‘ಸುಖವಾಗಿರಲಿ’ ಎಂದು ಮನಸ್ಸಿನಲ್ಲೇ ಹಾರೈಸಬೇಕಿತ್ತು.

“ಮಗಳನ್ನ ನೆನೆಸ್ಕೊಂಡೆ. ಹೋದ ವರ್ಷ ಹೋಗ್ಬುಟ್ಲು ಕಣ್ರೀ,” ಎಂದರು ಆಕೆ.

ಈ ಧ್ಯಾನಕ್ಕೆ ತೀರಿಕೊಂಡವರನ್ನು ಆರಿಸಿಕೊಳ್ಳಬಾರದಂತೆ. ಧ್ಯಾನ ಹೇಳಿಕೊಡುವವರು ಮೆದುವಾಗಿಯೇ ಅದನ್ನು ವಿವರಿಸಿ, ಬದುಕಿರುವ ಬೇರೆ ಯಾರನ್ನಾದರೂ ನೆನೆಯಿರಿ ಎಂದರು. ಆಕೆ ನಿಜವಾಗಿಯೂ ಯೋಚಿಸಿದರು.

“ನಂಗೆ ಇದ್ದೋಳು ಅವಳೊಬ್ಳೇ ಸಾರ್. ಇನ್ಯಾರನ್ನ ನೆನೆಸ್ಕೊಳ್ಳಲಿ?”

ಉತ್ತರಕ್ಕೆ ಕಾಯದೆ ಚಾಪೆ ಸುತ್ತಿ ಮೂಲೆಗಿಟ್ಟು ಮೆಟ್ಟಿಲಿಳಿದರು. ಗಂಟೆ ಬಾರಿಸುವವರೆಗೆ ಯಾರೂ ಏಳಬಾರದೆಂಬುದು ಅಲ್ಲಿಯ ನಿಯಮ. ಶಾಂತಿ ಕಲಿಯಲು ಬಂದಿದ್ದ ನಾವೆಲ್ಲ ಅದನ್ನು ಚಾಚೂ ತಪ್ಪದೆ ಪಾಲಿಸಿದೆವು.

ಆಕೆ ಮತ್ತೆ ಬರಲಿಲ್ಲ. ಹೆಸರೂ ಯಾರಿಗೂ ತಿಳಿಯದು. ಈಗ ಮೈತ್ರಿ ಧ್ಯಾನಕ್ಕೆ ಕುಳಿತಾಗಲೆಲ್ಲ ನನ್ನ ಕಣ್ಣ ಮುಂದೆ ಬರುವುದು ಆ ಮುಖವೇ. ಆದರೆ ‘ಸುಖವಾಗಿರಲಿ’ ಎನ್ನಲು ಮನಸ್ಸು ತಡೆಯುತ್ತದೆ. ಆಕೆ ಬದುಕಿದ್ದಾರೋ ಇಲ್ಲವೋ, ನನಗೆ ಗೊತ್ತಿಲ್ಲ.