ನನ್ನ ಹೆಸರಿಗೆ ಬಿದ್ದ ಗುಡ್ಡೆ

ನಮ್ಮನೆಯವರು ದರ್ಜಿ. ರಾಯದುರ್ಗದ ಪೇಟೆಯಲ್ಲಿ ಬಟ್ಟೆ ಅಂಗಡಿಯೊಂದರ ಜಗಲಿಯ ಮೇಲೆ ಅವರ ಹೊಲಿಗೆ ಮಷಿನ್ನು. ಅವತ್ತು ಮಧ್ಯಾಹ್ನವೇ ಮನೆಗೆ ಬಂದರು. ಸೂಜಿಗೆ ದಾರ ಪೋಣಿಸಲು ಆಗುತ್ತಿಲ್ಲ, ತಲೆ ಸಿಡಿಯುತ್ತಿದೆ ಎಂದರು. ಹಣೆ ಮುಟ್ಟಿದೆ. ಕಾದ ಹಂಚು. ಬಿಸಿಲಿಗೆ ಹೀಗಾಗಿರಬೇಕು ಎಂದು ಕಷಾಯ ಕಾಯಿಸಿ ಕೊಟ್ಟೆ. ಮರುದಿನ ಇಳಿಯಲಿಲ್ಲ. ಬೆಳಿಗ್ಗೆ ಸ್ವಲ್ಪ ಕಡಿಮೆ, ಸಂಜೆಗೆ ಮತ್ತೆ ಏರಿಕೆ. ವಾರ ಕಳೆಯುವಷ್ಟರಲ್ಲಿ ನಾಲಿಗೆ ಬೆಳ್ಳಗಾಯಿತು, ಮಾತು ತೊದಲತೊಡಗಿತು. ಯಾರ್ಯಾರದೋ ಅಂಗಿಯ ಅಳತೆಯನ್ನು ಗೋಡೆಗೆ ಹೇಳುತ್ತ ಮಲಗಿರುತ್ತಿದ್ದರು.

ಡಾಕ್ಟರು ಮನೆಗೇ ಬಂದರು. ಥರ್ಮಾಮೀಟರ್ ಇಟ್ಟರು. ಹೊಟ್ಟೆ ಒತ್ತಿ ನೋಡಿದರು.

ಟೈಫಾಯಿಡ್.

"ಇದನ್ನ ಕೊಲ್ಲೋ ಔಷಧಿ ಅಂತ ಯಾವುದೂ ಇಲ್ಲಮ್ಮ," ಎಂದರು ಡಾಕ್ಟರು. "ಮಿಕ್ಸ್ಚರ್ ಕೊಡ್ತೀನಿ. ಆದರೆ ಇವರನ್ನ ಉಳಿಸೋದು ಆರೈಕೆ. ಕರುಳೆಲ್ಲ ಹುಣ್ಣಾಗಿರುತ್ತೆ. ಬಾರ್ಲಿ ನೀರು, ಮಜ್ಜಿಗೆಯ ತಿಳಿ, ಹಣ್ಣಿನ ರಸ, ಇಷ್ಟೇ. ಜ್ವರ ಬಿಟ್ಟ ಮೇಲೂ ನಾನು ಹೇಳೋ ತನಕ ಒಂದು ಅಗುಳು ಅನ್ನ ಕೊಡಬೇಡಿ. ಕೊಟ್ಟರೆ ಕರುಳು ತೂತಾಗುತ್ತೆ. ಆಮೇಲೆ ನಾನು ಬಂದೂ ಪ್ರಯೋಜನ ಇಲ್ಲ."

ಸುದ್ದಿ ಹಬ್ಬಿದ ಮೇಲೆ ನಮ್ಮ ಮನೆಗೆ ಜನ ಬರುವುದು ನಿಂತಿತು. ತವರು ಮಡಕಶಿರಾದಿಂದ ಅಣ್ಣ ಬಂದ, ಬಾಗಿಲಲ್ಲೇ ನಿಂತ. "ಅಂಟು ಜಾಡ್ಯವಂತೆ ಕಣಮ್ಮ, ಮನೇಲಿ ಸಣ್ಣ ಮಕ್ಕಳವೆ," ಎಂದು ರಾಗಿ ಹಿಟ್ಟಿನ ಗಂಟನ್ನು ಹೊಸ್ತಿಲ ಮೇಲಿಟ್ಟು ಹೊರಟುಹೋದ. ಮಕ್ಕಳೊಂದಿಗನ ಭಯ, ತಪ್ಪೆನ್ನಲಾರೆ. ಆದರೆ ನನಗೆ ಸಿಟ್ಟು ಬಂದದ್ದೂ ಸುಳ್ಳಲ್ಲ. ಉಳಿದವರು ನಾನು, ಅತ್ತೆ ಇಬ್ಬರೇ. ಅತ್ತೆಗೆ ಕಣ್ಣು ಮಂಜು, ನನಗೆ ನಿದ್ದೆಯಿಲ್ಲ.

ಇಲ್ಲಿ ನಮ್ಮ ಸಂತೆಯ ವಿಷಯ ಹೇಳಬೇಕು.

ನಾನು ಚೌಕಾಸಿಯಲ್ಲಿ ಗಟ್ಟಿ ಹೆಂಗಸು. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಬೆಳಿಗ್ಗೆ ಸಂತೆಗೆ ಹೋಗುವವರು ದುಡ್ಡಿದ್ದವರು. ನಾನು ಹೋಗುತ್ತಿದ್ದುದು ಹೊತ್ತು ಇಳಿದಾಗ, ಮಾರುವವರು ಗೋಣಿ ಜಾಡಿಸುವ ಸಮಯಕ್ಕೆ. ಉಳಿದದ್ದನ್ನು ಮತ್ತೆ ತಲೆಯ ಮೇಲೆ ಹೊತ್ತು ಊರಿಗೆ ಒಯ್ಯುವುದು ಅವರಿಗೂ ಬೇಡ. "ಗಿಟ್ಟದಮ್ಮಾ, ಗಿಟ್ಟದು!" ಎಂದು ತೆಲುಗಿನಲ್ಲಿ ಬಡಿದುಕೊಳ್ಳುತ್ತಲೇ ಕೊಟ್ಟುಬಿಡುತ್ತಾರೆ. ಆ ಹೊತ್ತಿಗೆ ನನ್ನಂತೆಯೇ ಬರುವವರು ಇನ್ನಿಬ್ಬರಿದ್ದರು. ಒಬ್ಬಳು ಹಂಪಕ್ಕ, ತಲೆ ನರೆತ ಕುರುಬರ ಹೆಂಗಸು. ಇನ್ನೊಬ್ಬಳು ಕಾಶಿಂಬಿ, ಜಟಕಾ ಓಡಿಸುವವನ ಹೆಂಡತಿ. ಮೊದಮೊದಲು ನಾವು ಮೂವರೂ ವೈರಿಗಳೇ. ಬದನೆಕಾಯಿಯ ಕಡೆಯ ಗುಡ್ಡೆಗೆ ಮೂವರೂ ಒಟ್ಟಿಗೆ ಕೈ ಹಾಕಿ, ಸಂತೆಯೇ ತಿರುಗಿ ನೋಡುವಂತೆ ಜಗಳವಾಡಿದ್ದೆವು. ಕೊನೆಗೆ ಹಂಪಕ್ಕನೇ, "ಸುಮ್ಕ ಬಾಯಿ ಯಾಕ ನೋಯಿಸ್ಕಂತೀರಿ? ಕೂಡೇ ತಗಂಡು ಪಾಲು ಹಾಕ್ಕಳಾಣ ಬರ್ರಿ," ಎಂದಳು.

ಅಂದಿನಿಂದ ಅದೇ ಪದ್ಧತಿಯಾಯಿತು. ಉಳಿದ ಸರಕನ್ನೆಲ್ಲ ಒಟ್ಟಿಗೆ ಕೊಳ್ಳುವುದು, ಮೂರು ಗುಡ್ಡೆ ಮಾಡುವುದು. ಒಬ್ಬಳು ಬೆನ್ನು ತಿರುಗಿಸಿ ನಿಲ್ಲುತ್ತಾಳೆ. ಇನ್ನೊಬ್ಬಳು ಒಂದು ಗುಡ್ಡೆಯ ಮೇಲೆ ಕೈಯಿಟ್ಟು, "ಇದು ಯಾರಿಗೆ?" ಎಂದು ಕೇಳುತ್ತಾಳೆ. ನೋಡದೆಯೇ ಹೆಸರು ಹೇಳಬೇಕು. ಹೆಸರು ಬಿದ್ದ ಮೇಲೆ ಗುಡ್ಡೆ ಅವಳದು. ಅದಲುಬದಲಿಲ್ಲ, ಒಲ್ಲೆ ಅನ್ನುವಂತಿಲ್ಲ. ಹಾಗೆಂದು ನಾವೇನೂ ಗೆಳತಿಯರಾಗಿರಲಿಲ್ಲ. ಒಬ್ಬರ ಮನೆಗೆ ಒಬ್ಬರು ಹೋದವರಲ್ಲ.

ಇವರು ಜ್ವರ ಹಿಡಿದು ಮಲಗಿದ ಮೇಲೆ ನಾನು ಸಂತೆಗೆ ಹೋಗಲಿಲ್ಲ. ಒಂದು ಸಂತೆಯ ದಿನ ಸಂಜೆ ಬಾಗಿಲು ಬಡಿದ ಸದ್ದಾಯಿತು. ಹಂಪಕ್ಕ ಮಡಿಲು ತುಂಬ ತರಕಾರಿ ಕಟ್ಟಿಕೊಂಡು ನಿಂತಿದ್ದಳು.

"ತಗಾ, ನಿನ್ನ ಪಾಲು."

"ನಾನು ಬಂದೇ ಇಲ್ಲ, ನಂಗೆಂಥ ಪಾಲು? ಧರ್ಮದ್ದು ನಂಗೆ ಬ್ಯಾಡ," ಎಂದೆ. ಮೈ ಉರಿಯಿತು.

"ಯಾರ್ ಧರ್ಮ ಅಂದ್ರು ನಿನಗ? ಮೂರು ಗುಡ್ಡಿ ಹಾಕಿದ್ವಿ, ಕಾಶಿಂಬಿ ತಿರುಗಿ ನಿಂತು ರುದ್ರಮ್ಮ ಅಂದ್ಲು. ನಿನ್ನ ಹೆಸರು ಬಿದ್ದದ. ಒಲ್ಲೆ ಅನ್ನಾಕ ನೀನ್ಯಾರು?"

ನಾವೇ ಮಾಡಿಕೊಂಡ ಕಾಯಿದೆ. ಸೆರಗೊಡ್ಡಿ ಹಾಕಿಸಿಕೊಂಡೆ. ಬಾಗಿಲ ಹಿಂದೆ ಹೋಗಿ ಅತ್ತುಬಿಟ್ಟೆ. ಜ್ವರ ಬಂದಾಗಿನಿಂದ ಅದೇ ಮೊದಲ ಸಲ.

ಅಂಟು ಎಂದರೂ ಹಂಪಕ್ಕ ಕೇಳಲಿಲ್ಲ. ಒಳಗೆ ಬಂದು ಇವರ ಮುಖ ನೋಡಿದಳು. ಡಾಕ್ಟರು ಏನೇನು ಹೇಳಿದರು ಎಂದು ವಿಚಾರಿಸಿದಳು. ಕೈ ಹೇಗೆ ತೊಳೆಯಬೇಕು, ಪಾತ್ರೆ ಹೇಗೆ ಬೇರೆ ಇಡಬೇಕು ಎಂಬುದನ್ನೆಲ್ಲ ಎರಡೆರಡು ಸಲ ಕೇಳಿ ಗಟ್ಟಿ ಮಾಡಿಕೊಂಡಳು. ಬಾರ್ಲಿ ಎಲ್ಲಿಯೂ ಸಿಗುತ್ತಿಲ್ಲ ಎಂದು ನಾನು ಹೇಳಿದೆ. ಯುದ್ಧದ ಕಾಲ, ಸಕ್ಕರೆಗೇ ಸಾಲು ನಿಲ್ಲಬೇಕಾದ ದಿನಗಳು. "ಕಾಶಿಂಬಿ ಕಿವಿಗೆ ಹಾಕ್ತೀನಿ ಇರು," ಎಂದು ಹಂಪಕ್ಕ ಹೊರಟಳು.

ಮರುದಿನ ಕಾಶಿಂಬಿ ಬಂದಳು. ಸೆರಗಿನೊಳಗೆ ಬಾರ್ಲಿ ಡಬ್ಬಿ!

"ಎಲ್ಲಿ ಸಿಕ್ತು ತಾಯಿ?"

"ಅಂಗಡ್ಯಾಗ ಇಲ್ಲ ಅಂದ ಶೆಟ್ಟಿ. ಇಲ್ಲ ಅನ್ನಾವನ ಕಣ್ಣು ಅಟ್ಟದ ಕಡೀಗೆ ಯಾಕ ಹೋಗಬೇಕು? ಅಲ್ಲೇ ಕುಂತೆ. ಬಂದ ಗಿರಾಕಿಗೆಲ್ಲ ಅಕ್ಕಿ ನುಚ್ಚು, ಬ್ಯಾಳಿ ಹುಳ ಅಂತ ಹೇಳ್ಕಂತ ಕುಂತೆ. ಮೂರನೇ ಗಿರಾಕಿ ಹೋಗೋದ್ರಾಗ ಡಬ್ಬಿ ಕೆಳಗಿಳೀತು ನೋಡಕ್ಕಾ!"

ನಗು ತಡೆಯಲಾಗಲಿಲ್ಲ. ಕಾಯಿಲೆ ಮನೆಯಲ್ಲಿ ನಕ್ಕೆನಲ್ಲಾ ಎಂದು ಬಾಯಿಗೆ ಕೈ ಅಡ್ಡ ಹಿಡಿದೆ. ಸಂಜೆ ಬಂದ ಡಾಕ್ಟರು ಡಬ್ಬಿ ತೆಗೆದು, ಮೂಸಿ ನೋಡಿ, ಚೆನ್ನಾಗಿದೆ ಎಂದರು. ಆಮೇಲೆ ಮೋಸಂಬಿ ಬಂತು, ಡಾಕ್ಟರನ್ನು ಕೇಳಿ ಆಡಿನ ಹಾಲೂ ಬಂತು. ಎಲ್ಲವನ್ನೂ ಬೈದು, ಬೈಸಿಕೊಂಡು, ಅಗ್ಗಕ್ಕೆ ತಂದದ್ದೇ. ಸಂತೆಯಲ್ಲಿ ಪಳಗಿದ ಆ ನಾಲಿಗೆಗಳು ನನ್ನ ಗಂಡನಿಗಾಗಿ ಊರೆಲ್ಲ ಓಡಾಡಿದವು. ಇಬ್ಬರೂ ಸರದಿಯ ಮೇಲೆ ಬಂದು ಹಾಸಿಗೆಯ ಪಕ್ಕ ಕೂರುತ್ತಿದ್ದರು. ನಾನು ಆಗ ಒಂದಿಷ್ಟು ಕಣ್ಣು ಮುಚ್ಚುತ್ತಿದ್ದೆ.

ನಡುವೆ ಒಂದು ದಿನ ಇವರಿಗೆ ನನ್ನ ಗುರುತೂ ಸಿಗಲಿಲ್ಲ. ಆ ದಿನದ ಬಗ್ಗೆ ಬರೆಯಲಾರೆ.

ಜ್ವರ ಬಿಟ್ಟಿತು. ಬಂದಂತೆಯೇ ಮೆಟ್ಟಿಲು ಮೆಟ್ಟಿಲಾಗಿ ಇಳಿಯಿತು. ನಮ್ಮ ಮನೆಗೆ ನಿಜವಾದ ಗಂಡಾಂತರ ಬಂದದ್ದು ಆಗಲೇ. ಹಸಿವು! ಇವರು ಎಳೆಗೂಸಿನಂತೆ ಅನ್ನ, ಅನ್ನ ಎಂದು ಅಳತೊಡಗಿದರು. ನಮ್ಮ ಕಡೆ ಜ್ವರ ಬಿಟ್ಟವರಿಗೆ ತಲೆಗೆ ಬೇವಿನ ನೀರು ಹಾಕಿ, ಅನ್ನ ಇಕ್ಕುವುದು ಪದ್ಧತಿ. ಅನ್ನ ಇಕ್ಕಿದರೇನೇ ಜ್ವರ ಪೂರ್ತಿ ಹೋದಂತೆ. ಡಾಕ್ಟರು ಇನ್ನೂ ಒಪ್ಪಿಗೆ ಕೊಟ್ಟಿರಲಿಲ್ಲ. ಹೆತ್ತ ಕರುಳು ಎಷ್ಟು ದಿನ ತಡೆದೀತು?

ಆ ಸಂಜೆ ಹಂಪಕ್ಕ ನನ್ನನ್ನು ಬಲವಂತವಾಗಿ ಸಂತೆಗೆ ಕಳಿಸಿ, ತಾನು ಇವರ ಬಳಿ ಕುಳಿತಿದ್ದಳು. ನಾನು ತಿರುಗಿ ಬಂದಾಗ ಒಳಗೆ ಮಾತು ಜೋರಾಗಿ ಕೇಳಿಸಿತು. ಅತ್ತೆಯ ಕೈಯಲ್ಲಿ ಬಿಸಿ ಅನ್ನದ ಬಟ್ಟಲು. ಹಾಸಿಗೆಗೂ ಅತ್ತೆಗೂ ನಡುವೆ ಹಂಪಕ್ಕ.

ತರಕಾರಿಯ ಗಂಟನ್ನು ಹೊಸ್ತಿಲ ಮೇಲೇ ಬಿಟ್ಟೆ.

"ಒಂದು ಬಟ್ಟಲ ಅನ್ನಕ್ಕ ಏನಾಗತೈತೆ? ಸರಿ ಅತ್ತಾಗ," ಎನ್ನುತ್ತಿದ್ದರು ಅತ್ತೆ.

ಹಂಪಕ್ಕ ಜಗಳಕ್ಕೆ ಹೋಗಲಿಲ್ಲ. ಸೊಂಟದ ಮೇಲೆ ಕೈಯಿಟ್ಟು ಬಟ್ಟಲೊಳಗೆ ಇಣುಕಿದಳು. ಥೇಟು ಬದನೆಕಾಯಿ ನೋಡುವ ಹಾಗೆ. "ಬಟ್ಟಲಾ? ಭಾಳ ಆತ್ರೀ ದೊಡ್ಡವ್ವ. ಅದಲ್ದೆ ಅಗುಳು ನೋಡ್ರಿ, ಇನ್ನಾ ಗಟ್ಟಿ ಐತ್ರಿ."

"ಹಂಗಾದ್ರ ಅರ್ಧ."

"ಅರ್ಧನೂ ಗಿಟ್ಟಂಗಿಲ್ರಿ."

"ಒಂದ್ ತುತ್ತು."

"ನನ್ನ ದರ ಹೇಳ್ತೀನಿ ಕೇಳ್ರಿ. ಗಂಜಿ ಬಸಿದ ತಿಳಿ, ಅರಿವ್ಯಾಗ ಸೋಸಿದ್ದು. ಡಾಕ್ಟರು ನಿನ್ನೆ ಅದಕ್ಕ ಹ್ಞೂಂ ಅಂದಾರ. ಅದರ ಮ್ಯಾಲ ಒಂದು ಅಗುಳೂ ಇಲ್ರಿ."

"ಥೂ, ನೀರು! ನನ್ನ ಮಗ ನೀರು ಕುಡುದು ಬದುಕ್ತಾನಾ?"

"ಇಷ್ಟು ದಿನ ಬದುಕಿಲ್ಲೇನ್ರಿ?"

ಅತ್ತೆಯೂ ಪ್ರಾಯದಲ್ಲಿ ಸಂತೆ ಮಾಡಿದವರೇ. ಸೋತರೂ ಸುಮ್ಮನೆ ಸೋಲುವವರಲ್ಲ. ಬಟ್ಟಲನ್ನು ಹಿಂದಕ್ಕೆ ಎಳೆದುಕೊಂಡು ಕೇಳಿದರು: "ಹೋಗ್ಲಿ. ಮ್ಯಾಲ ಕೊಸರು ಏನು ಹಾಕ್ತಿ?"

"ಚಿಟಿಕಿ ಉಪ್ಪು ಹಾಕ್ರಿ," ಎಂದಳು ಹಂಪಕ್ಕ. "ಹಾಕಾಕ ನಿಮ್ಮ ಕೈನ ಬೇಕು."

ಅತ್ತೆ ಅನ್ನದ ಬಟ್ಟಲು ಹಿಡಿದು ಅಡುಗೆಮನೆಗೆ ತಿರುಗಿದರು. ನಾನಾಗಿದ್ದರೆ ಬಟ್ಟಲು ಕಿತ್ತುಕೊಳ್ಳುತ್ತಿದ್ದೆ, ಅತ್ತೆ ಹಟ ಹಿಡಿಯುತ್ತಿದ್ದರು, ನನ್ನ ಬೆನ್ನು ತಿರುಗಿದಾಗ ಮಗನ ಬಾಯಿಗೆ ಇಡುತ್ತಿದ್ದರು. ಇದು ನನಗೆ ಚೆನ್ನಾಗಿ ಗೊತ್ತು. ಚೌಕಾಸಿ ಮುಗಿದ ವ್ಯಾಪಾರವನ್ನು ಮಾತ್ರ ಅವರು ಎಂದೂ ಮುರಿದವರಲ್ಲ. ಅಂದಿನಿಂದ ದಿನಾ ಗಂಜಿಯ ತಿಳಿಯನ್ನು ತಾವೇ ಸೋಸಿದರು, ತಾವೇ ಉಪ್ಪು ಹಾಕಿದರು.

ಡಾಕ್ಟರಿಗೆ ಇದನ್ನು ಹೇಳಿದಾಗ ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಆ ಬಟ್ಟಲು ಹೊಟ್ಟೆಗೆ ಹೋಗಿದ್ದರೆ ಇವತ್ತು ನಾನು ಇಲ್ಲಿ ಕೂತಿರ್ತಿರಲಿಲ್ಲಮ್ಮ," ಎಂದರು. ಒಪ್ಪಿಗೆ ಸಿಕ್ಕ ದಿನ ಅತ್ತೆ ಮೆತ್ತಗೆ ಅನ್ನ ಮಾಡಿದರು. ತುತ್ತು ಕಲಸಿದವರು ಮಗನ ಬಾಯಿಗೆ ಇಡಲಿಲ್ಲ. ಹಂಪಕ್ಕನನ್ನು ಕರೆದರು.

"ನೀನ ಇಡಬೇ. ನಿನ್ನ ಕೈಲಿಂದನ ಆಗ್ಲಿ."

ಹಂಪಕ್ಕ ಎರಡು ಸಲ ಕೈ ತೊಳೆದು ಬಂದು ಇಟ್ಟಳು.

ಇದೆಲ್ಲ ಈಚಿನ ಮಾತು. ಇವರ ತಲೆಗೂದಲು ಉದುರಿದೆ, ಕಾಲಲ್ಲಿ ಇನ್ನೂ ಶಕ್ತಿಯಿಲ್ಲ, ಮಷಿನ್ ತುಳಿಯಲು ಎಷ್ಟು ದಿನ ಬೇಕೋ ತಿಳಿಯದು. ಜ್ವರ ಮರುಕಳಿಸುವುದೂ ಉಂಟು ಎಂದಿದ್ದಾರೆ ಡಾಕ್ಟರು. ದಿನಾ ಸಂಜೆ ಇವರ ಹಣೆ ಮುಟ್ಟಿ ನೋಡದೆ ನನಗೆ ಸಮಾಧಾನವಿಲ್ಲ. ಹೆದರಿಕೆ ಇದೆ. ಒಬ್ಬಳೇ ಎಂಬ ಹೆದರಿಕೆ ಮಾತ್ರ ಇಲ್ಲ. ಇಂಥ ಇಬ್ಬರನ್ನು ಸಂಪಾದಿಸಿದವಳು ನಾನು ಎಂದು ನನಗೆ ಹೆಮ್ಮೆಯಿದೆ. ಕೇಳಿದವರಿಗೂ ಹೇಳುತ್ತೇನೆ, ಕೇಳದವರಿಗೂ ಹೇಳುತ್ತೇನೆ.

ಈಗ ನೆಂಟರು ಒಬ್ಬೊಬ್ಬರಾಗಿ ಬರತೊಡಗಿದ್ದಾರೆ. ಅತ್ತೆ ಅವರಿಗೆ ಪಡಸಾಲೆಯಲ್ಲಿ ಚಾಪೆ ಹಾಸಿ, ನೀರು ಕೊಟ್ಟು, ಮರ್ಯಾದೆಯಿಂದ ಕೂರಿಸುತ್ತಾರೆ. ಮೊನ್ನೆ ಅವರೆಲ್ಲ ಹಾಗೆ ಕೂತಿರುವಾಗ ಹಂಪಕ್ಕ, ಕಾಶಿಂಬಿ ಬಂದರು. ಯಾರನ್ನೂ ಕೇಳದೆ, ನೆಂಟರ ನಡುವೆಯೇ ಹಾದು, ನೇರ ಅಡುಗೆಮನೆಗೆ ಹೋದರು. ನಮ್ಮತ್ತೆ ಒಳಗಿನಿಂದ, "ಎಲ್ಲಿ ಸತ್ತಿದ್ರಬೇ ಇಷ್ಟೊತ್ತು?" ಎಂದು ಗದರಿದ್ದು ಪಡಸಾಲೆಯವರಿಗೆಲ್ಲ ಕೇಳಿಸಿತು.