ಹೆಡ್‌ಮಾಸ್ತರರಿಗೆ ಗೇಮ್ ಕಲಿಸಿದ ರುಕ್ಸಾನಾ

"ಏನ್ರೀ ಮೇಡಂ, ಲೈಬ್ರರಿ ಒಳಗ ಮೊಬೈಲ್ ಆಡಾಕ ಹಚ್ಚೀರಿ. ಮುಂದಿನ ವಾರ ಇಸ್ಪೀಟ್ ಎಲಿ ತರಸ್ತೀರೇನು?"

ಕಳೆದ ಭಾನುವಾರ ಬೆಳಿಗ್ಗೆ ಬಸವಂತರಾಯ ಮಾಸ್ತರರು ನನ್ನ ಟೇಬಲ್ ಮುಂದೆ ನಿಂತು ಕೇಳಿದ್ದು ಹೀಗೆ. ನಿವೃತ್ತ ಹೆಡ್‌ಮಾಸ್ತರರು. ಸುರಪುರದ ನಮ್ಮ ಲೈಬ್ರರಿಗೆ ನನಗಿಂತ ಮೊದಲೇ ಬಂದು ಬಾಗಿಲ ಬಳಿ ನಿಲ್ಲುವ ಓದುಗರು. (ನಾನೇ ಇಲ್ಲಿನ ಗ್ರಂಥಪಾಲಕಿ ಎಂದು ಈ ಅಂಕಣದ ಹಳೆಯ ಓದುಗರಿಗೆ ಹೇಳಬೇಕಿಲ್ಲ. ಹೊಸಬರಿಗಾಗಿ ಹೇಳಿದೆ.)

ಅವರ ಸಿಟ್ಟಿಗೆ ಕಾರಣವಿತ್ತು. ಆನ್‌ಲೈನ್ ಗೇಮ್ ಆಡುವ ಹೈಸ್ಕೂಲ್, ಪಿಯುಸಿ ಮಕ್ಕಳಿಗಾಗಿ ನಾನೊಂದು ಕಾರ್ಯಕ್ರಮ ಇಟ್ಟಿದ್ದೆ. ಫೋನ್ ತರಬಹುದು, ಆಡಬಹುದು. ಷರತ್ತು ಒಂದೇ. ಮೊದಲು ನೀವು ಆಡುವ ಆಟವನ್ನು, ಅದರ ಗಂಧಗಾಳಿ ಇಲ್ಲದವರಿಗೂ ತಿಳಿಯುವಂತೆ ಕನ್ನಡದಲ್ಲಿ ಬರೆದುಕೊಡಬೇಕು.

ಇಪ್ಪತ್ತೆರಡು ಮಕ್ಕಳು ಬಂದರು. ಎಲ್ಲರೂ ವೈಫೈಗಾಗಿಯೇ ಬಂದವರು, ಅದರಲ್ಲೇನು ಮುಚ್ಚುಮರೆ?

"ಇವ್ರೇನು ಬರೀತಾರ್ರಿ? ನಾಕು ಸಾಲು ನೆಟ್ಟಗ ಬರಿಯೂದಿಲ್ಲ" ಎಂದರು ಮಾಸ್ತರರು. "ಇವ್ರು ಬರದಿದ್ದು ಓದಿ ನನಗ ಆಟ ತಿಳೀತಂದ್ರ ನಾ ಸುಮ್ನಾಗ್ತೇನಿ. ಇಲ್ಲಂದ್ರ ನೀವು ಇದನ್ನ ಬಂದ್ ಮಾಡಬೇಕು."

ನಾನು ಒಪ್ಪಿಕೊಂಡುಬಿಟ್ಟೆ.

ಹಾಳೆಗಳ ರಾಶಿಯಿಂದ ಮಾಸ್ತರರೇ ಒಂದನ್ನು ಎಳೆದರು. ಹತ್ತನೇ ಕ್ಲಾಸಿನ ರುಕ್ಸಾನಾ ಬರೆದದ್ದು. ಅವಳ ಮುಖ ಬಾಡಿತು. ಮನೆಯಲ್ಲಿ ದಖ್ಖನಿ ಉರ್ದು ಮಾತಾಡುವ ಹುಡುಗಿ. "ನಂದು ಬ್ಯಾಡ್ರಿ ಮೇಡಂ. ನನಗ ಪ್ರಬಂಧ ಬರಂಗಿಲ್ಲ. ರಾಷ್ಟ್ರೀಯ ಹಬ್ಬಗಳು ಅಂದ್ರ ಮೂರು ಸಾಲಿಗೆ ಮುಗೀತದ" ಎಂದು ನನ್ನ ಕಿವಿಯಲ್ಲಿ ಉಸುರಿದಳು.

ಅವಳದು ನೂರು ಮಂದಿ ವಿಮಾನದಿಂದ ಒಂದು ದ್ವೀಪಕ್ಕೆ ಧುಮುಕಿ, ಕೊನೆಯವರೆಗೆ ಬದುಕುಳಿಯಲು ಹೊಡೆದಾಡುವ ಆಟ. ಅವಳದೇ ಫೋನ್ ಮಾಸ್ತರರ ಕೈಗೆ ಕೊಟ್ಟೆವು. ಯಾರೂ ಬಾಯಿಬಿಟ್ಟು ಹೇಳಿಕೊಡುವಂತಿಲ್ಲ. ಮಾಸ್ತರರು ಹಾಳೆ ಓದಿದರು, ಧುಮುಕಿದರು, ಅರ್ಧ ನಿಮಿಷಕ್ಕೆ ಸತ್ತರು.

ಹುಡುಗರೆಲ್ಲ ನಕ್ಕರು. ರುಕ್ಸಾನಾ ನಗಲಿಲ್ಲ.

"ಸರ್, ಗಿಡದ ಮುಂದ ಯಾಕ ನಿಂತ್ರಿ? ಹಿಂದ ನಿಂದರಬೇಕ್ರಿ."

"ಅದು ಕಾಗದದಾಗ ಎಲ್ಲಿ ಅದ?"

ಇರಲಿಲ್ಲ. 'ಗಿಡದ ಹತ್ತಿರ ಅಡಗಿರಿ' ಎಂದಷ್ಟೇ ಬರೆದಿದ್ದಳು. ಅವಳು ಹಾಳೆ ಕಿತ್ತುಕೊಂಡವಳಂತೆ ತೆಗೆದುಕೊಂಡು ಮೂಲೆಯ ಬೆಂಚಿಗೆ ಹೋದಳು. ಹೊಡೆದು ಹಾಕಿದಳು, ಮತ್ತೆ ಬರೆದಳು. ಎರಡನೇ ಸಲ ಮಾಸ್ತರರು ಎರಡು ನಿಮಿಷ ಬದುಕಿದರು. ಈ ಸಲ ಅವಳು ಸ್ಕ್ರೀನ್ ನೋಡಲೇ ಇಲ್ಲ, ಅವರ ಬೆರಳುಗಳನ್ನೇ ನೋಡುತ್ತಿದ್ದಳು. ಎಲ್ಲಿ ತಡವರಿಸುತ್ತಾರೆ, ಎಲ್ಲಿ ತಪ್ಪು ಗುಂಡಿ ಒತ್ತುತ್ತಾರೆ. ಮತ್ತೆ ಬೆಂಚಿಗೆ.

ಮೂರನೇ ಹಾಳೆಯ ಮೊದಲ ಸಾಲು ನನಗೆ ಬಾಯಿಪಾಠವಾಗಿದೆ: 'ಎಡ ಹೆಬ್ಬೆರಳು ನಡೆಯುವುದಕ್ಕೆ, ಬಲ ಹೆಬ್ಬೆರಳು ನೋಡುವುದಕ್ಕೆ. ಗಾಬರಿಯಾದರೆ ಎರಡನ್ನೂ ಎತ್ತಿಬಿಡಿ, ನಿಂತವರು ಬೇಗ ಕಾಣುವುದಿಲ್ಲ.'

ಹೇಳಿ, ಇದಕ್ಕಿಂತ ಸ್ಪಷ್ಟವಾಗಿ ನಾನು ನೀವು ಬರೆಯುತ್ತೇವೆಯೇ?

ಮಾಸ್ತರರು ಹಾಳೆಯನ್ನು ಎರಡು ಸಲ ಓದಿದರು. ಕನ್ನಡಕ ಮೇಲೇರಿಸಿದರು. ಧುಮುಕಿದರು. ಗಿಡದ ಹಿಂದೆ ನಿಂತರು. ಗಾಬರಿಯಾದಾಗ ಎರಡೂ ಹೆಬ್ಬೆರಳು ಎತ್ತಿದರು. ಅಷ್ಟೊತ್ತಿಗೆ ತಮ್ಮ ಆಟ ಬಿಟ್ಟು ಇಪ್ಪತ್ತೊಂದು ಮಕ್ಕಳು ಅವರ ಕುರ್ಚಿಯ ಸುತ್ತ ಉಸಿರು ಬಿಗಿಹಿಡಿದು ನಿಂತಿದ್ದರು. ಲೈಬ್ರರಿಯಲ್ಲಿ ಇಷ್ಟು ಮೌನವನ್ನು ನಾನು ಯಾವ ಬೋರ್ಡ್ ಹಾಕಿಯೂ ಕಂಡಿರಲಿಲ್ಲ.

ನೂರು ಮಂದಿಯಲ್ಲಿ ಹದಿನೇಳೇ ಮಂದಿ ಉಳಿದಿದ್ದಾಗ ಸತ್ತರು.

ಆಮೇಲೆ ಮಾಸ್ತರರು ಜೇಬಿನಿಂದ ಕೆಂಪು ಪೆನ್ ತೆಗೆದರು. ರುಕ್ಸಾನಾಳ ಹಾಳೆಯ ಮೇಲೆ ಕೈಯಾಡಿಸುತ್ತ ಕಾಗುಣಿತ ತಿದ್ದಿದರು. ಅವಳು ತಲೆ ತಗ್ಗಿಸಿ ನಿಂತಿದ್ದಳು.

"ಒಂಬತ್ತು ತಪ್ಪು ಅದಾವ ನೋಡವ್ವಾ" ಎಂದರು. ಪೆನ್ನಿಗೆ ಕ್ಯಾಪ್ ಹಾಕಿ, "ಆದ್ರ ಒಂದು ಮಾತು ಹೆಚ್ಚಿಗಿಲ್ಲ, ಒಂದು ಕಮ್ಮಿ ಇಲ್ಲ. ಮೂವತ್ತು ವರ್ಷ ಪಾಠ ಹೇಳೀನಿ. ಓದಾವ ಎಲ್ಲಿ ಎಡವತಾನ ಅಂತ ನೋಡಿ ಬರದವ್ರನ್ನ ನಾ ಭಾಳ ಮಂದಿನ್ನ ಕಂಡಿಲ್ಲ" ಎಂದರು.

ರುಕ್ಸಾನಾ ತಲೆ ಎತ್ತಿದಳು. "ತಪ್ಪು ತಿದ್ದಿ ಇನ್ನೊಮ್ಮೆ ಬರದ್ ಕೊಡ್ಲ್ಯಾ ಸರ್?"

ಯಾರೂ ಹೇಳದೆ, ಮಾರ್ಕ್ಸ್ ಇಲ್ಲದೆ, ನಾಲ್ಕನೇ ಸಲ. ನಾನು ರಿಜಿಸ್ಟರಿನತ್ತ ಮುಖ ತಿರುಗಿಸಬೇಕಾಯಿತು. ಸ್ವಂತ ಮಗಳು ಫಸ್ಟ್ ಕ್ಲಾಸ್ ಬಂದ ದಿನವೂ ನನಗೆ ಇಷ್ಟು ಹೆಮ್ಮೆ ಆಗಿರಲಿಲ್ಲ. (ಮಗಳೂ ಈ ಅಂಕಣ ಓದುತ್ತಾಳೆ. ಇರಲಿ.)

ಆ ನಾಲ್ಕನೇ ಹಾಳೆ ಈಗ ನಮ್ಮ ನೋಟಿಸ್ ಬೋರ್ಡಿನಲ್ಲಿದೆ. ಭಾನುವಾರದ ಕಾರ್ಯಕ್ರಮ ಮುಂದುವರಿಯುತ್ತದೆ.

ಈ ಮಕ್ಕಳಿಗೆ ಬರೆಯಲು ಬರುವುದಿಲ್ಲ ಎಂದು ಊರೆಲ್ಲ ದೂರುವ ನಾವು, ಅವರಿಗೆ ಚೆನ್ನಾಗಿ ಗೊತ್ತಿರುವುದರ ಬಗ್ಗೆ ಬರೆಯಿರಿ ಎಂದು ಯಾವತ್ತಾದರೂ ಕೇಳಿದ್ದೇವೆಯೇ?