ದೊಡ್ಡ ಸಿಸ್ಟರ್ ಹಾಕಿದ ಸಹಿ

ಸೋಪು ತಿಕ್ಕಿ ತಿಕ್ಕಿ ದೊಡ್ಡ ಸಿಸ್ಟರ್ ಕೈಗಳು ಮೊಣಕೈವರೆಗೆ ಬಿಳಿಚಿಕೊಂಡಿದ್ದವು. ಮೊಣಕೈಯಿಂದ ಕೆಳಗೆ ಆಸ್ಪತ್ರೆ, ಮೇಲೆ ಅವರ ಊರು ಪಾಲಹಳ್ಳಿಯ ಗದ್ದೆ ಎಂದು ನಾವು ಹಿಂದಿನಿಂದ ನಗುತ್ತಿದ್ದೆವು.

ನಾವು ಆರು ಜನ ನರ್ಸಿಂಗ್ ಮುಗಿಸಿ ಪಾಂಡವಪುರದ ಕಡೆಯ ಒಂದು ಸಣ್ಣ ಆಸ್ಪತ್ರೆಗೆ ಹೊಸದಾಗಿ ಸೇರಿದ್ದೆವು. ವಾರ್ಡಿನ ಹಿರಿಯ ನರ್ಸ್ ಆಗಿದ್ದ ದೊಡ್ಡ ಸಿಸ್ಟರ್ ಪ್ರತಿ ಗುರುವಾರ ಮಧ್ಯಾಹ್ನ ಡ್ರೆಸ್ಸಿಂಗ್ ರೂಮಿನಲ್ಲಿ ಎಲ್ಲರನ್ನೂ ಸುತ್ತ ಕೂರಿಸಿಕೊಂಡು, ಟೀ ಕೊಟ್ಟು, ಆ ವಾರ ಮಾಡಿದ ಒಂದೊಂದು ತಪ್ಪು ಹೇಳಿಸುತ್ತಿದ್ದರು. ಮೊದಲು ತಮ್ಮದು. "ತಪ್ಪಾದ್ರೆ ಎದರ್ಕಬ್ಯಾಡಿ ಕಣ್ರವ್ವ, ಮುಚ್ಚಿಡಕ್ಕೆ ಎದರ್ಕಳಿ" ಎನ್ನುವರು.

ಒಮ್ಮೆ ವಾರ್ಡಿನಲ್ಲಿ ಇಬ್ಬರು ನಿಂಗಮ್ಮಂದಿರಿದ್ದರು. ಅಂಥ ಕಡೆ ಗಂಡನ ಹೆಸರನ್ನೂ ಕೇಳಿ ಖಚಿತ ಮಾಡಿಕೊಳ್ಳಬೇಕಿತ್ತು. ಕೇಳಿದೆ. ಆ ಇಬ್ಬರಲ್ಲಿ ಒಬ್ಬ ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು, "ಅಯ್, ಯಜಮಾನ್ರ ಎಸ್ರು ಎಂಗವ್ವ ಏಳಾದು?" ಎಂದು ನಾಚಿದರು. ನಾನೂ ನಕ್ಕು ಇನ್ಸುಲಿನ್ ಚುಚ್ಚಿಬಿಟ್ಟೆ. ಆಮೇಲೆ ಚೀಟಿ ನೋಡಿದರೆ, ಸಕ್ಕರೆ ಕಾಯಿಲೆ ಇದ್ದದ್ದು ಪಕ್ಕದ ನಿಂಗಮ್ಮನಿಗೆ. ಈ ಅಜ್ಜಿಗೆ ಬರೀ ಮಂಡಿನೋವು.

ಯಾರೂ ನೋಡಿರಲಿಲ್ಲ. ಹೇಳಿದರೆ ಕೆಲಸ ಹೋಗುತ್ತದೆ. ನಮ್ಮೂರು ಕಿರಂಗೂರಿನಲ್ಲಿ ಅಮ್ಮ ಹಾಲು ಕರೆದು ಓದಿಸಿದ್ದಳು. ಹೇಳದಿದ್ದರೆ ಮೈಯ ಸಕ್ಕರೆ ಇಳಿದು ಅಜ್ಜಿಯ ಜೀವಕ್ಕೇ ಅಪಾಯ. ಓಡಿಹೋಗಿ ದೊಡ್ಡ ಸಿಸ್ಟರ್ ಮುಂದೆ ನಿಂತೆ.

"ಸಕ್ರೆ ನೀರು ತಗಬಾ. ಡಾಕ್ಟ್ರನ್ನ ಕರಿ. ಅಳಾದು ಆಮ್ಯಾಕೆ" ಎಂದರು, ಅಷ್ಟೇ. ಗಳಿಗೆಗೊಮ್ಮೆ ಅಜ್ಜಿಯ ಬೆರಳು ಚುಚ್ಚಿ ಪರೀಕ್ಷೆ ಮಾಡುತ್ತಾ ಹೊತ್ತು ಇಳಿಯುವವರೆಗೂ ಪಕ್ಕದಲ್ಲೇ ಕೂತರು. ಸಂಜೆಗೆ ಅಜ್ಜಿ ಎದ್ದು ಕೂತು ಮುದ್ದೆ ಕೇಳಿದಾಗಲೇ ನನಗೆ ಉಸಿರು ಬಂದದ್ದು.

ಆಡಳಿತದವರು ಬರೆದು ಕೊಡಿ ಎಂದರು. ಇದ್ದದ್ದು ಇದ್ದಂತೆ ಬರೆದೆ. ದೊಡ್ಡ ಸಿಸ್ಟರ್ ಓದಿ, ನನ್ನ ಸಹಿಯ ಕೆಳಗೆ, 'ಹೊಸಬಳೊಬ್ಬಳ ಕೈಗೇ ವಾರ್ಡು ಒಪ್ಪಿಸಿದವಳು ನಾನು' ಎಂದು ಸೇರಿಸಿ ತಾವೂ ಸಹಿ ಹಾಕಿದರು. ನನ್ನ ಕೆಲಸ ಉಳಿಯಿತು. ಇಂದು ನಾನೇ ಹೊಸ ಹುಡುಗಿಯರಿಗೆ ಕಲಿಸುತ್ತಿದ್ದೇನೆ.

ಹೋದ ವರ್ಷ ದೊಡ್ಡ ಸಿಸ್ಟರ್ ತೀರಿಕೊಂಡರು. ತಿಥಿಗೆ ಆರೂ ಜನ ಹೋಗಿದ್ದೆವು. ಊಟಕ್ಕೆ ಕೂತಾಗ ಅವರ ತಂಗಿ ಬಡಿಸುತ್ತಾ ಹೇಳಿದರು: "ಅಕ್ಕಂಗೆ ನರ್ಸ್‌ಗಳಿಗೆಲ್ಲ ಮೇಲಿನ ಕೆಲ್ಸ ಕೊಡೋರಿದ್ರು. ಯಾವುದೋ ಉಡುಗಿ ಕಾಗ್ದಕ್ಕೆ ತಾನೂ ಸೈನ್ ಆಕ್ಬುಟ್ಟು ಅದ್ನ ಕಳ್ಕಂಡ್ಲು. ಯಾರೇ ಅವ್ಳು ಅಂದ್ರೆ, 'ಒಳ್ಳೆ ಮಗ, ಬುಡು' ಅಂದ್ಲೇ ಒರತು ಎಸ್ರು ಏಳ್ನಿಲ್ಲ. ನಿಮ್ಗೇನಾರ ಗೊತ್ತೇನವ್ವ?"

ಎಲೆಯ ಮುಂದಿನಿಂದ ಎದ್ದು ನಿಂತೆ.

"ಅವಳು ನಾನೇ ಕಣಕ್ಕ" ಎಂದೆ.